ಎಲೆಯನ್ನು ಸಾಕ್ಷಿಗೆ ಕರೆದಿದ್ದರೆ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಓದಿದವರು ಅದರೊಳಗಿನ ಸ್ವಾರಸ್ಯವಾದ ವ್ಯಾಜ್ಯವನ್ನು ಮರೆತಿರಲಾರರು. ಧಾನ್ಯಗಳಲ್ಲಿ ಮೇಲಾವುದು ಎಂಬ ಪ್ರಶ್ನೆ ಶ್ರೀರಾಮನ ಸನ್ನಿಧಿಗೆ ಬರುತ್ತದೆ. ವ್ರಿಹಿಯೆಂಬ ಭತ್ತ ಒಂದು ಕಡೆಯ ಕಕ್ಷಿ. ನರೆದಲೆಗನೆಂಬ ರಾಗಿ ಎದುರು ಕಕ್ಷಿ. ಇಬ್ಬರೂ ತಂತಮ್ಮ ಹಿರಿಮೆಯನ್ನು ಹೇಳಿಕೊಂಡು, ಒಬ್ಬರನ್ನೊಬ್ಬರು ಹಳಿದುಕೊಂಡು, ಕೊನೆಗೆ ಆರು ತಿಂಗಳ ಸೆರೆವಾಸವನ್ನು ಅನುಭವಿಸುತ್ತಾರೆ. ಅವಧಿ ತೀರಿದ ಮೇಲೆ ನೋಡಿದರೆ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ತೀರ್ಪಿನ ಬಗ್ಗೆ ನನಗೆ ತಕರಾರೇನೂ ಇಲ್ಲ. ಈ ಕಾವ್ಯವನ್ನು ಪಾಠ ಹೇಳುವಾಗಲೆಲ್ಲ ಒಂದು ಯೋಚನೆ ಮಾತ್ರ ಸುಳಿಯುವುದುಂಟು. ಅಲ್ಲಿ ವಿಚಾರಣೆಯಾದುದು ಕಾಳಿನದಷ್ಟೆ. ಕಾಳನ್ನು ಹಡೆದ ಎಲೆಯನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಕರೆದಿದ್ದರೆ ಆರು ತಿಂಗಳು ಕಾಯುವ ಅಗತ್ಯವೇ ಇರುತ್ತಿರಲಿಲ್ಲವೋ ಏನೋ! ಎಲೆಯ ಆ ಸಾಕ್ಷ್ಯ ಲೋಕದ ಕಿವಿಗೆ ಬಿದ್ದದ್ದು ಕನಕದಾಸರಿಗೆ ನಾಲ್ಕು ಶತಮಾನಗಳ ತರುವಾಯ. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಕಡೆಯವರು ಅದನ್ನು ಕೇಳಿಸಿಕೊಳ್ಳಲು ಈಗ ವಿಶೇಷ ಕಾರಣವಿದೆ.

ಎಲೆಯ ಕಸುಬಿಗೆ ನಮ್ಮ ಪಠ್ಯಪುಸ್ತಕಗಳು ಇಟ್ಟಿರುವ ಹೆಸರು ‘ದ್ಯುತಿಸಂಶ್ಲೇಷಣೆ’. ಹೆಸರು ಭಾರವಾದರೂ ಅರ್ಥ ಹಗುರ. ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವುದು. ಬೇರು ತಂದ ನೀರನ್ನೂ, ಗಾಳಿಯಿಂದ ಸೇದಿಕೊಂಡ ಇಂಗಾಲಾಮ್ಲ ವಾಯುವನ್ನೂ—ಈಗಿನ ಮಕ್ಕಳು ಇದನ್ನು ಇಂಗಾಲದ ಡೈಆಕ್ಸೈಡ್ ಎನ್ನುತ್ತಾರೆ—ಬಿಸಿಲಿನ ಶಕ್ತಿಯಿಂದ ಕೂಡಿಸಿ ಎಲೆ ಸಕ್ಕರೆಯನ್ನು ಅಟ್ಟುತ್ತದೆ. ಬೆಳಕನ್ನು ಹಿಡಿಯುವ ಹಸುರು ಬಣ್ಣವೇ ಪತ್ರಹರಿತ್ತು. ಈ ಅಡಿಗೆಯಲ್ಲಿ ನೀರು ಒಡೆದಾಗ ಹೊರಬೀಳುವ ಆಮ್ಲಜನಕವೇ ನಮ್ಮೆಲ್ಲರ ಉಸಿರು.

ಇದು ತಿಳಿದುಬಂದದ್ದು ಒಂದೇ ಸಲಕ್ಕಲ್ಲ. ಬ್ರಸೆಲ್ಸಿನ ವಾನ್ ಹೆಲ್ಮಾಂಟನು ಹದಿನೇಳನೆಯ ಶತಮಾನದಲ್ಲಿ 200 ಪೌಂಡು ಒಣಮಣ್ಣನ್ನು ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರೆರೆದನು. ಮರ 169 ಪೌಂಡಾಯಿತು. ಮಣ್ಣು ಕಳೆದುಕೊಂಡದ್ದು ಎರಡೇ ಔನ್ಸು. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು. ‘ಗ್ಯಾಸ್’ ಎಂಬ ಶಬ್ದವನ್ನು ಟಂಕಿಸಿದ ಪುಣ್ಯಾತ್ಮನೇ ಗಾಳಿಯ ಪಾಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದು ಇತಿಹಾಸದ ಕುಚೋದ್ಯ. 1771ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ, ಮೊಂಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಒಂದು ಕಡ್ಡಿ ಸರಿಪಡಿಸಬಲ್ಲುದೆಂದು ಕಂಡನು. 1779ರಲ್ಲಿ ಇಂಗೆನ್‌ಹೌಸ್, ಅದಕ್ಕೆ ಬಿಸಿಲು ಬೇಕು, ಹಸುರು ಭಾಗವೇ ಬೇಕು ಎಂಬುದನ್ನು ತೋರಿಸಿದನು.

ನಮ್ಮ ವಿಷಯಕ್ಕೆ ಹೆಚ್ಚು ಬೇಕಾದವನು ಇವರೆಲ್ಲರಿಗಿಂತ ಈಚಿನವನಾದ ಕೇಂಬ್ರಿಜ್ಜಿನ ಬ್ಲಾಕ್‌ಮನ್. ಬೆಳಕು, ಇಂಗಾಲಾಮ್ಲ, ನೀರು, ಶಾಖ ಇವೆಲ್ಲ ಎಲೆಯ ಅಡಿಗೆಯನ್ನು ಏರಿಳಿಸುತ್ತವೆಂಬುದು ಮೊದಲೇ ಗೊತ್ತಿತ್ತು. ಇವೆಲ್ಲ ಒಟ್ಟಾಗಿ ಹೇಗೆ ವರ್ತಿಸುತ್ತವೆ ಎಂಬುದನ್ನು 1905ರಲ್ಲಿ ಬ್ಲಾಕ್‌ಮನ್ ಒಂದು ನಿಯಮವಾಗಿ ಹೇಳಿದನು: ಯಾವುದು ಅಗತ್ಯಕ್ಕಿಂತ ಅತ್ಯಂತ ಕಡಿಮೆಯಿದೆಯೋ ಅದೇ ಕೆಲಸದ ವೇಗವನ್ನು ನಿರ್ಣಯಿಸುತ್ತದೆ, ಉಳಿದವುಗಳನ್ನು ಎಷ್ಟು ಸುರಿದರೂ ವ್ಯರ್ಥ. ಮುದ್ದೆ ಮಾಡುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಲೆ ಧಗಧಗಿಸುತ್ತಿದೆ, ಎಸರು ಕುದಿಯುತ್ತಿದೆ, ಡಬ್ಬದಲ್ಲಿ ಹಿಟ್ಟು ಮಾತ್ರ ಒಂದೇ ಹಿಡಿ. ಇನ್ನೆರಡು ಸೌದೆ ತುರುಕಿದರೆ ಮುದ್ದೆ ದೊಡ್ಡದಾದೀತೆ?

ಹೀಗಿರಲು, ನಮ್ಮ ಸೀಮೆಯ ಎಲೆಗೆ ಕಡಿಮೆಯಾಗಿರುವುದು ಏನು?

ಬೆಳಕಂತೂ ಅಲ್ಲ. ತುಮಕೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹದಿಮೂರು ಡಿಗ್ರಿಯ ಮೇಲೆ ಸ್ವಲ್ಪದಲ್ಲಿದೆ. ಆದುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಮತ್ತೊಮ್ಮೆ, ನಡುನೆತ್ತಿಯ ಮೇಲೆಯೇ ಹಾಯುತ್ತಾನೆ. ಬಯಲಿನ ನೇರ ಬಿಸಿಲನ್ನು ಅಳೆದರೆ ಒಂದು ಲಕ್ಷ ಲಕ್ಸ್ ಬರುತ್ತದೆ. ನಾವು ಬೆಳಕಾಗಿದೆಯೆಂದು ಭಾವಿಸಿ ಪತ್ರಿಕೆ ಓದುವ ಪಡಸಾಲೆಯಲ್ಲಿ ಅದು ಮುನ್ನೂರೋ ಐನೂರೋ ಇದ್ದೀತು. ನಮ್ಮ ಕಣ್ಣು ಹೊಂದಿಕೊಂಡು ಬಿಡುತ್ತದೆ, ಎಲೆಗೆ ಆ ಉಪಾಯವಿಲ್ಲ. ನಗರದ ಮನೆಗಳಲ್ಲಿ ತುಳಸಿಯನ್ನು ಒಳಗೆ ದೇವರ ಮುಂದೆ ಇಟ್ಟು, ದಿನಕ್ಕೆರಡು ಸಲ ನೀರೆರೆದು, ಗೊಬ್ಬರವನ್ನೂ ಹಾಕಿ, ಆದರೂ ಒಣಗುತ್ತದಲ್ಲ ಎಂದು ವ್ಯಥೆಪಡುವ ಗೃಹಿಣಿಯರುಂಟು. ಗಿಡಕ್ಕೂ ಉಸಿರಾಟದ ಖರ್ಚಿದೆ. ಬೆಳಕು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಎಲೆಯ ಗಳಿಕೆ ಆ ಖರ್ಚಿಗೂ ಸಾಲದು. ಕೂಡಿಟ್ಟ ಪಿಷ್ಟ ಕರಗುತ್ತ ಹೋಗುತ್ತದೆ. ನೀರು, ಗೊಬ್ಬರ ಅಲ್ಲಿಯ ಕೊರತೆಯಲ್ಲ. ಕುಂಡವನ್ನು ಅಂಗಳಕ್ಕೋ ತಾರಸಿಗೋ ಸಾಗಿಸುವುದೊಂದೇ ದಾರಿ. ಮನಿಪ್ಲಾಂಟ್ ಬಳ್ಳಿ ಅದೇ ಪಡಸಾಲೆಯಲ್ಲಿ ಬದುಕುವುದಲ್ಲ ಎಂದರೆ, ಅದು ಕಾಡಿನ ನೆರಳಿನಲ್ಲಿ ಹುಟ್ಟಿದ ಕುಲ. ಕಡಿಮೆ ವರಮಾನದಲ್ಲಿ ಸಂಸಾರ ತೂಗಿಸುವುದನ್ನು ಬಲ್ಲುದು.

ಒಂದೇ ಮರದಲ್ಲಿ ಈ ಎರಡು ಬಗೆಯ ಎಲೆಗಳಿರುವುದನ್ನೂ ಕಾಣಬಹುದು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿಯ ತೋಪಿನಲ್ಲಿ ಹಣ್ಣನ್ನೇ ನೋಡುತ್ತ ನಿಲ್ಲದೆ ಎಲೆಗಳನ್ನೂ ಗಮನಿಸಿದರೆ, ನೆತ್ತಿಯ ಕೊಂಬೆಗಳವು ದಪ್ಪನಾಗಿ ಚಿಕ್ಕದಾಗಿ, ಒಳಗಿನವು ತೆಳ್ಳಗೆ ಅಗಲವಾಗಿ ಕಂಡಾವು. ಬಿಸಿಲೆಲೆ ಬೇರೆ, ನೆರಳೆಲೆ ಬೇರೆ. ಅಡಕೆಯ ತೋಟದಲ್ಲಿ ವೀಳ್ಯದೆಲೆಯ ಬಳ್ಳಿಯನ್ನು ಹಬ್ಬಿಸಿದ ನಮ್ಮ ಹಿರಿಯರು ಇದೇ ತತ್ತ್ವವನ್ನು ಪುಸ್ತಕವಿಲ್ಲದೆ ಅರಿತಿದ್ದರು. ಅಡಕೆಯ ಎಳೆಯ ಸಸಿಗೂ ಕೆಂಡದ ಬಿಸಿಲು ಒಗ್ಗದು. ಅದಕ್ಕೆಂದೇ ಬಾಳೆಯ ಮರೆ. ಹಿಡಿದ ಬೆಳಕನ್ನು ವಿನಿಯೋಗಿಸುವ ಶಕ್ತಿ ಇಲ್ಲದಾಗ ಆ ಬೆಳಕೇ ಎಲೆಯ ಹಸುರನ್ನು ಸುಡುತ್ತದೆ. ಐಶ್ವರ್ಯದ ವಿಷಯದಲ್ಲಿ ನೀತಿಕಾರರು ಹೇಳಿದ ಮಾತು ಇಲ್ಲಿಯೂ ಒಪ್ಪುತ್ತದೆಯೆಂದು ಹೇಳಬಹುದಾಗಿತ್ತು. ಆದರೆ ಅದು ಈ ಅಂಕಣದ ಕೆಲಸವಲ್ಲ.

ಬೆಳಕು ಧಾರಾಳವಾಗಿದ್ದರೂ ಅದನ್ನೆಲ್ಲ ಎಲೆ ಬಳಸಬಲ್ಲುದೆ? ಭತ್ತ, ಅಡಕೆ, ತೆಂಗು, ಅವರೆ, ಕಡಲೆಕಾಯಿ ಮೊದಲಾದವುಗಳ ಒಂದೊಂದು ಎಲೆ ನಡುಹಗಲಿನ ಬಿಸಿಲಿನ ಅರ್ಧವನ್ನು ಮುಟ್ಟುವ ಮೊದಲೇ ‘ಸಾಕು’ ಎಂದುಬಿಡುತ್ತದೆ. ರಾಗಿ, ಜೋಳ, ಕಬ್ಬು ಮಾತ್ರ ಪೂರ್ಣ ಬಿಸಿಲಿನಲ್ಲಿಯೂ ಇನ್ನೂ ಬರಲಿ ಎನ್ನುತ್ತವೆ. ಈ ಭೇದದ ಮೂಲವನ್ನು ಅರಿಯಲು ಎಲೆಯ ಬಾಗಿಲಿಗೆ ಬರಬೇಕು.

ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಪತ್ರರಂಧ್ರಗಳೆಂದು ಅವಕ್ಕೆ ಹೆಸರು. ಇಂಗಾಲಾಮ್ಲ ಒಳಬರುವುದೂ ಅಲ್ಲಿಂದಲೇ, ನೀರಾವಿ ಹೊರಹೋಗುವುದೂ ಅಲ್ಲಿಂದಲೇ. ಬಾಗಿಲು ಒಂದು, ವ್ಯವಹಾರ ಎರಡು. ಗಾಳಿಯಲ್ಲಿ ಇಂಗಾಲಾಮ್ಲವಿರುವುದು ಹತ್ತು ಲಕ್ಷಕ್ಕೆ 420ರ ಮೇಲೆ ಸ್ವಲ್ಪ ಮಾತ್ರ. ಅಷ್ಟು ದುರ್ಲಭವಾದ ವಸ್ತುವಿಗಾಗಿ ಬಾಗಿಲು ತೆರೆದಿಟ್ಟರೆ ನೀರು ಬಳಬಳನೆ ಆರಿಹೋಗುತ್ತದೆ. ನೀರನ್ನು ಉಳಿಸಲು ಮುಚ್ಚಿದರೆ ಅಡಿಗೆಗೆ ಸಾಮಗ್ರಿಯಿಲ್ಲ. ಬೇಸಗೆಯ ಮಧ್ಯಾಹ್ನ, ಬೆಳಕು ತುಂಬಿ ತುಳುಕುವ ಹೊತ್ತಿನಲ್ಲಿಯೇ, ಅನೇಕ ಗಿಡಗಳು ಬಾಗಿಲನ್ನು ಅರೆಮುಚ್ಚಿ ಕೂಡುತ್ತವೆ. ಅಂಗಡಿಯವರ ಮಧ್ಯಾಹ್ನದ ವಿರಾಮವಲ್ಲ, ಅದು ನಿರುಪಾಯ.

ನೀರಿನೊಳಗೇ ಬಾಳುವ ಗಿಡಕ್ಕಾದರೂ ಚಿಂತೆಯಿಲ್ಲವೇ ಎಂದು ಕೇಳಬಹುದು. ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯಂಥ ಕೆರೆಗಳ ನೀರಿನಲ್ಲಿ ಬೆಳೆಯುವ ‘ಹೈಡ್ರಿಲ್ಲ’ ಎಂಬ ಜೊಂಡುಗಿಡವನ್ನು—ದಂಡೆಯವರಿಗೆ ಅದೂ ಪಾಚಿಯೇ—ಶಾಲೆಯ ಪ್ರಯೋಗದಲ್ಲಿ ಅನೇಕರು ನೋಡಿರುತ್ತೀರಿ. ಗಾಜಿನ ಆಲಿಕೆಯನ್ನು ಕವುಚಿ ಬಿಸಿಲಿಗೆ ಇಟ್ಟರೆ ಮುತ್ತಿನಂಥ ಗುಳ್ಳೆಗಳು ಏಳುತ್ತವೆ. ಆಚಾರ್ಯ ಜಗದೀಶಚಂದ್ರ ಬೋಸರು ಈ ಗಿಡವನ್ನೇ ಹಿಡಿದು ಗುಳ್ಳೆಗಳ ಲೆಕ್ಕವನ್ನು ತಾನೇ ಬರೆದುಕೊಳ್ಳುವ ಯಂತ್ರವನ್ನು ಕಟ್ಟಿದರು. 1924ರಲ್ಲಿ ದ್ಯುತಿಸಂಶ್ಲೇಷಣೆಯ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ನೀರಿನಲ್ಲಿ ನೀರಿಗೆ ಬರವಿಲ್ಲ, ನಿಜ. ಆದರೆ ಬಿಸಿ ನೀರಿನಲ್ಲಿ ಕರಗಿರುವ ಇಂಗಾಲಾಮ್ಲ ಕಡಿಮೆ. ಆಳಕ್ಕೆ ಇಳಿದಂತೆ ಬೆಳಕೂ ಕಡಿಮೆ. ಮೇಲೆ ಅಂತರಗಂಗೆ ಹಾಸಿಕೊಂಡರಂತೂ ಕೆಳಗಿನ ಗಿಡಕ್ಕೆ ಹಗಲೇ ರಾತ್ರಿ.

ಈಗ ವ್ಯಾಜ್ಯದ ತಿರುಳಿಗೆ ಬರೋಣ. ಒಳಬಂದ ಇಂಗಾಲಾಮ್ಲವನ್ನು ಹಿಡಿದು ಸಕ್ಕರೆಯ ಹಾದಿಗೆ ಹಚ್ಚುವ ಕೆಲಸ ‘ರುಬಿಸ್ಕೊ’ ಎಂಬ ಕಿಣ್ವದ್ದು. ಈ ಹಾದಿಯ ಮೆಟ್ಟಿಲುಗಳನ್ನು ಅಮೆರಿಕದ ಕಾಲ್ವಿನ್ ಮತ್ತು ಅವರ ಸಂಗಡಿಗರು ವಿಕಿರಣಶೀಲ ಇಂಗಾಲವನ್ನು ಬಳಸಿ ಗುರುತಿಸಿದರು. 1961ರಲ್ಲಿ ಕಾಲ್ವಿನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ರುಬಿಸ್ಕೊ ಜಗತ್ತಿನಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನುಗಳಲ್ಲೊಂದು, ಅಷ್ಟೇ ನಿಧಾನಿ. ಸೆಕೆಂಡಿಗೆ ಮೂರೋ ನಾಲ್ಕೋ ಅಣುಗಳನ್ನು ಹಿಡಿದರೆ ಅದಕ್ಕೆ ದೊಡ್ಡದು. ಅದಕ್ಕಿಂತ ಕೆಟ್ಟ ಅಭ್ಯಾಸವೊಂದುಂಟು: ಇಂಗಾಲಾಮ್ಲದ ಬದಲು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಹಾಗೆ ಹಿಡಿದಾಗ ಗಳಿಸಿದ್ದರಲ್ಲಿ ಒಂದು ಭಾಗವನ್ನು ಸುಟ್ಟು ಸರಿಪಡಿಸಿಕೊಳ್ಳಬೇಕು. ಹವೆ 25 ಡಿಗ್ರಿ ಇರುವಾಗಲೇ ಭತ್ತದಂಥ ಗಿಡದ ಗಳಿಕೆಯಲ್ಲಿ ಸುಮಾರು ಕಾಲು ಭಾಗ ಹೀಗೆ ಸೋರಿಹೋಗುತ್ತದೆ. ಶಾಖ ಏರಿದಷ್ಟೂ, ನೀರು ಸಾಲದೆ ಪತ್ರರಂಧ್ರ ಮುಚ್ಚಿದಷ್ಟೂ ನಷ್ಟ ಹೆಚ್ಚು. ಬೆಳಕು, ಶಾಖ, ನೀರು, ಗಾಳಿ ಇವು ಬೇರೆ ಬೇರೆ ಅಧ್ಯಾಯಗಳಲ್ಲ, ಒಂದರ ಕೊರತೆ ಇನ್ನೊಂದರ ಕಾಟವಾಗಿ ತೋರುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ರಾಗಿ ಇದಕ್ಕೆ ಮಾಡಿಕೊಂಡಿರುವ ಉಪಾಯ ಬಹು ಚತುರವಾದದ್ದು. ಅದರ ಎಲೆಯ ನರಗಳ ಸುತ್ತ ದೊಡ್ಡ ಕೋಶಗಳು ಹೂಮಾಲೆಯಂತೆ ಸುತ್ತಿಕೊಂಡಿವೆ. ಇಂಗಾಲಾಮ್ಲವನ್ನು ಮೊದಲು ಹಿಡಿಯುವುದು ರುಬಿಸ್ಕೊ ಅಲ್ಲ. ಆಮ್ಲಜನಕದ ಕಡೆಗೆ ಕಣ್ಣೆತ್ತಿಯೂ ನೋಡದ ಬೇರೊಂದು ಕಿಣ್ವ. ಹಿಡಿದದ್ದನ್ನು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟಿ ಒಳಗಿನ ಮಾಲೆಯ ಕೋಶಗಳಿಗೆ ಸಾಗಿಸಿ ಅಲ್ಲಿ ಬಿಚ್ಚುತ್ತದೆ. ಆ ಒಳಮನೆಯಲ್ಲಿ ಇಂಗಾಲಾಮ್ಲ ಹೊರಗಿಗಿಂತ ಹಲವು ಪಟ್ಟು ದಟ್ಟವಾಗಿರುತ್ತದೆ. ಅಲ್ಲಿ ಕುಳಿತ ರುಬಿಸ್ಕೊ ತಪ್ಪು ಹಿಡಿಯಲು ಅವಕಾಶವೇ ಇಲ್ಲ. ಹವಾಯಿ ದ್ವೀಪದ ಕಬ್ಬಿನ ಸಂಶೋಧಕರು ಇದರ ಸುಳಿವನ್ನು ಕಂಡಿದ್ದರು. ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬಿಬ್ಬರು 1966ರಲ್ಲಿ ಹಾದಿಯನ್ನು ಬಿಡಿಸಿ ತೋರಿಸಿದರು. ನಾಲ್ಕು ಇಂಗಾಲದ ಆಮ್ಲದಿಂದ ಆರಂಭವಾಗುವುದರಿಂದ ಇಂಥವನ್ನು ‘ಸಿ-ನಾಲ್ಕು’ ಗಿಡಗಳೆಂದೂ, ಭತ್ತದ ಬಳಗವನ್ನು ‘ಸಿ-ಮೂರು’ ಎಂದೂ ಕರೆಯುತ್ತಾರೆ. ಹೂಬಿಡುವ ಗಿಡಗಳ ಜಾತಿಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಸಿ-ನಾಲ್ಕು. ಆದರೂ ನೆಲದ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಅವುಗಳದೇ. ಗಣಪತಿಗೆ ಏರಿಸುವ ಗರಿಕೆಯೂ, ಹುಳಿಗೆ ಹಾಕುವ ದಂಟಿನ ಸೊಪ್ಪೂ ಆ ಗಣ್ಯರ ಪಟ್ಟಿಯಲ್ಲಿವೆ.

ಬಾಗಿಲನ್ನು ಸ್ವಲ್ಪವೇ ತೆರೆದರೂ ಸಾಕಷ್ಟು ಇಂಗಾಲಾಮ್ಲ ದೊರೆಯುವುದರಿಂದ ರಾಗಿಯ ನೀರಿನ ಖರ್ಚು ಕಡಿಮೆ. ಸಸ್ಯಶಾಸ್ತ್ರದ ಗ್ರಂಥಗಳ ಸ್ಥೂಲ ಲೆಕ್ಕ ಹೀಗಿದೆ: ಇಂಗಾಲಾಮ್ಲದ ಒಂದು ಅಣುವನ್ನು ಸಂಪಾದಿಸಲು ಸಿ-ಮೂರು ಗಿಡ ನೀರಿನ ಸುಮಾರು 400 ಅಣುಗಳನ್ನು ಗಾಳಿಗೆ ತೆರುತ್ತದೆ, ಸಿ-ನಾಲ್ಕು ಗಿಡ ಸುಮಾರು 150ನ್ನು. ಬೇಲಿಯ ಕತ್ತಾಳೆ, ಪಾಪಾಸುಕಳ್ಳಿಗಳು ಇನ್ನೂ ಜಿಪುಣ. ತಂಪಾದ ರಾತ್ರಿಯಲ್ಲಿ ಮಾತ್ರ ಬಾಗಿಲು ತೆರೆದು 50ರಲ್ಲಿ ವ್ಯಾಪಾರ ಮುಗಿಸುತ್ತವೆ. ಬೆಳವಣಿಗೆ ಮಾತ್ರ ಆಮೆಯ ನಡಿಗೆ.

ರಾಗಿ ಎಲ್ಲೆಡೆಯೂ ಗೆಲ್ಲುವುದೆಂದು ಇದರ ಅರ್ಥವಲ್ಲ. ಒಳಮನೆಗೆ ಸಾಗಿಸುವ ಕೂಲಿಯನ್ನು ಅದು ಬೆಳಕಿನ ಶಕ್ತಿಯಲ್ಲಿ ಕೊಡಬೇಕು. ಮೋಡ ಕವಿದ ತಂಪು ನಾಡಿನಲ್ಲಿ ಆ ಕೂಲಿ ದುಬಾರಿ. ಅಲ್ಲಿ ಗೋಧಿಯೇ ಜಾಣ. ಬಿಸಿಲು ಹೇರಳ, ಹವೆ ಬೆಚ್ಚಗೆ, ಮಳೆ ವರ್ಷಕ್ಕೆ ಆರುನೂರು ಏಳುನೂರು ಮಿಲಿಮೀಟರಿನ ಸುತ್ತಮುತ್ತ—ಇಂಥ ನೆಲದಲ್ಲಿ ಮಾತ್ರ ತೀರ್ಪು ನಿಸ್ಸಂದೇಹವಾಗಿ ರಾಗಿಯ ಕಡೆಗೆ. ಇದು ತುಮಕೂರು ಜಿಲ್ಲೆಯ ವರ್ಣನೆಯಲ್ಲದೆ ಮತ್ತೇನು?

ಆದರೆ ಜಿಲ್ಲೆಯ ಭೂಮಿ ನಡೆದಿರುವ ದಾರಿ ಬೇರೆ. ಗುಬ್ಬಿಯ ಸುತ್ತ ಹೊಲಗಳಿದ್ದಲ್ಲಿ ಅಡಕೆಯ ತೋಟಗಳೆದ್ದಿವೆ. ರಾಗಿ ಮಳೆಗಾಲದಲ್ಲಿ ಹುಟ್ಟಿ ನಾಲ್ಕು ತಿಂಗಳೊಳಗೆ ಋಣ ತೀರಿಸಿ ಹೋಗುತ್ತದೆ. ಅಡಕೆ ಮತ್ತು ತೆಂಗು ಸಿ-ಮೂರು ಕುಲದವು. ಹನ್ನೆರಡು ತಿಂಗಳೂ, ಸುಡುವ ಏಪ್ರಿಲ್ಲಿನಲ್ಲಿಯೂ, ಬಾಗಿಲು ತೆರೆದು ನೀರನ್ನು ತೆರುತ್ತಲೇ ಇರಬೇಕು. ಮಲೆನಾಡಿನ ಮಳೆಗೆ ಹೊಂದಿದ ಎಲೆಯನ್ನು ಬಯಲುಸೀಮೆಯ ಬಿಸಿಲಿಗೆ ತಂದು ನಿಲ್ಲಿಸಿದ ಮೇಲೆ ಆ ಅಂತರವನ್ನು ಕೊಳವೆ ಬಾವಿಯೋ ಕಾಲುವೆಯೋ ತುಂಬಬೇಕಷ್ಟೆ. ಕಾಲುವೆಯೆಂದರೆ ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟಿನಿಂದ ಬರುವ ಆ ನೀರೇ ಬುಗುಡನಹಳ್ಳಿಯ ಕೆರೆಯನ್ನು ತುಂಬಿ ತುಮಕೂರು ನಗರದ ಕೊಳಾಯಿಗಳಿಗೂ ಬರುತ್ತದೆ. ಅದೇ ನೀರನ್ನು ಕುಣಿಗಲ್ಲಿನ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಕಾಲುವೆಯ ಯೋಜನೆಯನ್ನು ಕುರಿತು 2024ರಲ್ಲಿಯೂ 2025ರಲ್ಲಿಯೂ ಗುಬ್ಬಿ, ತುಮಕೂರಿನ ಕಡೆಯವರು ಬೀದಿಗಿಳಿದು ಪ್ರತಿಭಟಿಸಿದರು. ಕುಣಿಗಲ್ಲಿನವರು ತಮ್ಮ ಪಾಲು ತಮಗೆ ಬರಲೆಂದರು. ಎರಡು ಕಡೆಯವರೂ ನಮ್ಮವರೇ; ಪಾಲಿನ ನ್ಯಾಯವನ್ನು ಹೇಳುವುದು ನನ್ನ ಯೋಗ್ಯತೆಗೆ ಮೀರಿದ್ದು. ಎಷ್ಟು ಟಿ.ಎಂ.ಸಿ. ಯಾರಿಗೆ ಎಂಬ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಒಂದು ಟಿ.ಎಂ.ಸಿ. ಯಾವ ಎಲೆಯ ಬಾಯಿಂದ ಆವಿಯಾಗುತ್ತದೆ ಎಂಬ ಲೆಕ್ಕವೂ ಅಷ್ಟೇ ಮುಖ್ಯವೆಂದು ನನಗೆ ತೋರುತ್ತದೆ.

ರೈತನನ್ನು ದೂಷಿಸುವ ಪೇಟೆಯ ಚಾಳಿ ನನಗೆ ಹಿಡಿಸದು. ಅಡಕೆಯ ಬೆಲೆಯೂ ರಾಗಿಯ ಬೆಲೆಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಮಗನ ಫೀಸು, ಮಗಳ ಮದುವೆ ಇವು ಎಲೆಯ ಶಾಸ್ತ್ರವನ್ನು ಕೇಳುವುದಿಲ್ಲ. ರಾಗಿಯ ಅಂಬಲಿಯನ್ನು ಆರೋಗ್ಯಕ್ಕೆಂದು ಪಿಂಗಾಣಿ ಬಟ್ಟಲಿನಲ್ಲಿ ಸವಿಯುವ ನಾವು, ಅದರ ಕಾಳಿಗೆ ಅಡಕೆಯ ಗೌರವದಲ್ಲಿ ಹತ್ತರ ಒಂದು ಪಾಲನ್ನಾದರೂ ಕೊಟ್ಟಿದ್ದೇವೆಯೆ? ರೈತನ ಮಟ್ಟಿಗೆ ಕೊರತೆಯಾಗಿರುವ ಅಂಶ ಬೆಲೆಯೇ ಹೊರತು ಜ್ಞಾನವಲ್ಲ.

ಜಿಲ್ಲೆಯ ಇನ್ನೊಂದು ಕೊನೆಯಲ್ಲಿ, ಮಳೆ ಇನ್ನೂ ಕಡಿಮೆಯಾದ ಪಾವಗಡದಲ್ಲಿ, ಬಿಸಿಲಿನ ಬೇಸಾಯ ಮತ್ತೊಂದು ರೂಪ ತಳೆದಿದೆ. 2018ರಲ್ಲಿ ಉದ್ಘಾಟನೆಯಾದ ಅಲ್ಲಿಯ ‘ಶಕ್ತಿ ಸ್ಥಳ’ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ ಹರಡಿದ್ದು, 2,050 ಮೆಗಾವಾಟ್ ಸಾಮರ್ಥ್ಯವುಳ್ಳದ್ದು. ಗಾಜಿನ ಫಲಕ ತನ್ನ ಮೇಲೆ ಬಿದ್ದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿಸಿದರೆ, ಹೊಲದ ಬೆಳೆ ನೂರಕ್ಕೆ ಒಂದೆರಡನ್ನು ಮಾತ್ರ ಕೂಡಿಡುತ್ತದೆ. ಫಲಕಕ್ಕೆ ಪತ್ರರಂಧ್ರವಿಲ್ಲ, ಇಂಗಾಲಾಮ್ಲದ ಹಂಗಿಲ್ಲ. ಆದರೆ ಅದನ್ನು ಬೇಯಿಸಿ ತಿನ್ನಲಾಗದು!

ಮಣ್ಣಿನ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಪತ್ರಹರಿತ್ತಿನ ಅಣುವಿನ ನಡುಮನೆಯಲ್ಲಿ ಮೆಗ್ನೀಸಿಯಂ ಇದೆ, ಸುತ್ತ ಸಾರಜನಕವಿದೆ. ಕಬ್ಬಿಣವಿಲ್ಲದೆ ಅದು ತಯಾರಾಗದು. ಇವು ಕಡಿಮೆಯಾದರೆ ಎಲೆ ಹಳದಿಗೆ ತಿರುಗುತ್ತದೆ. ಬೆಳಕು ಬಿದ್ದರೂ ಹಿಡಿಯುವವರಿಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ಮರಗಳ ಸಂಕಟ ಬೇರೆ ತೆರನದು. ಧೂಳಿನ ಲೇಪ ಬೆಳಕನ್ನು ತಡೆಯುತ್ತದೆ, ಬಾಯಿಗಳನ್ನು ಕಟ್ಟುತ್ತದೆ. ಮೊದಲ ಮಳೆ ಬಿದ್ದ ಮರುದಿನ ಆ ಮರಗಳು ಹೊಸದಾಗಿ ಕಾಣುವುದು ನಮ್ಮ ಕಣ್ಣಿನ ಸಂಭ್ರಮ ಮಾತ್ರವಲ್ಲ.

ಇನ್ನೊಂದು ವಾದವನ್ನು ಕೇಳದೆ ಬಿಡಲಾಗದು. ಕಾರ್ಖಾನೆಗಳೂ ವಾಹನಗಳೂ ಇಂಗಾಲಾಮ್ಲವನ್ನು ಹೆಚ್ಚಿಸುತ್ತಿವೆಯಲ್ಲ; ಯಂತ್ರಯುಗಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಇದ್ದದ್ದು ಈಗ ಒಂದೂವರೆ ಪಟ್ಟಾಗಿದೆಯಲ್ಲ; ಗಿಡಗಳಿಗೆ ಇದು ಸುಗ್ಗಿಯಲ್ಲವೆ? ಭತ್ತದ ಬಳಗಕ್ಕೆ ಒಂದಿಷ್ಟು ಲಾಭವುಂಟು, ಸುಳ್ಳಲ್ಲ. ಆದರೆ ಬೆಲೆಯನ್ನೂ ಕೇಳಬೇಕು. ಹೆಚ್ಚಿದ ಇಂಗಾಲಾಮ್ಲದಲ್ಲಿ ಬೆಳೆದ ಅಕ್ಕಿ, ಗೋಧಿಗಳಲ್ಲಿ ಸತುವು, ಕಬ್ಬಿಣಗಳ ಪ್ರಮಾಣ ಇಳಿಯುತ್ತದೆಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಿ-ನಾಲ್ಕು ಬೆಳೆಗಳಲ್ಲಿ ಆ ಇಳಿತ ಅಷ್ಟಾಗಿ ಕಾಣಲಿಲ್ಲ. ಜೊತೆಗೆ ಏರುವ ಶಾಖ ರುಬಿಸ್ಕೊವಿನ ದುರಭ್ಯಾಸವನ್ನು ಬೆಳೆಸುತ್ತದೆ.

ಆದುದರಿಂದಲೇ ಈಚೆಗೆ ವ್ರಿಹಿಯನ್ನು ನರೆದಲೆಗನ ದಾರಿಗೆ ತರುವ ಪ್ರಯತ್ನ ನಡೆದಿದೆ. ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 2008ರಲ್ಲಿ ಆರಂಭವಾಗಿ ಮುಂದೆ ಆಕ್ಸ್‌ಫರ್ಡಿನ ನೇತೃತ್ವದಲ್ಲಿ ಸಾಗಿದ ಯೋಜನೆಯ ಉದ್ದೇಶ, ಭತ್ತವನ್ನು ಸಿ-ನಾಲ್ಕು ಗಿಡವಾಗಿಸುವುದು. ಬೇಕಾದ ಕಿಣ್ವಗಳನ್ನು ಮುಸುಕಿನ ಜೋಳದಿಂದ ತಂದು ಸೇರಿಸುವುದು ಸಾಧ್ಯವಾಗಿದೆ. ನರದ ಸುತ್ತಣ ಕೋಶಗಳಲ್ಲಿ ಹಸುರು ಕಣಗಳನ್ನು ಹೆಚ್ಚಿಸುವುದನ್ನೂ 2017ರಲ್ಲಿ ಸಾಧಿಸಿ ತೋರಿಸಿದರು. ಉಳಿದಿರುವ ತೊಡಕು ಎಲೆಯ ಕಟ್ಟಡದ್ದು. ರಾಗಿಯಂಥ ಎಲೆಯಲ್ಲಿ ಒಂದು ನರದ ಮಾಲೆಗೂ ಪಕ್ಕದ ನರದ ಮಾಲೆಗೂ ನಡುವೆ ಇರುವುದು ಎರಡೋ ಮೂರೋ ಕೋಶಗಳು. ಭತ್ತದಲ್ಲಿ ಅವು ಅದಕ್ಕಿಂತ ಎಷ್ಟೋ ಹೆಚ್ಚು. ಆ ನರಗಳನ್ನು ಹತ್ತಿರ ಹತ್ತಿರಕ್ಕೆ ತರುವ ಕೆಲಸ ಇನ್ನೂ ಮುಗಿದಿಲ್ಲ.